ಆಯಿಗೆ ಎಕೋ ಬೇಡವಂತೆ

14 ಡಿಸೆಂಬರ್ 2025, ಭಾನುವಾರ, ಶಿರಸಿ

ಅಡಕೆ ಸುಲಿತಾ ಇದ್ದಾಗ ಆಯಿ ಒಮ್ಮೆಲೇ ಕೇಳಿದಳು, "ಅಂದ್ರೆ ಅವಂಗೆ ಆನೇ ಕೊಟ್ಟಿದ್ದಾತು, ಅಲ್ದನೇ?"

ಮೆಟ್ಟುಗತ್ತಿಯ ಮೇಲಿನ ಕೈ ನಿಂತಿರಲಿಲ್ಲ. ಸಿಪ್ಪೆ ಒಂದು ಕಡೆ, ಅಡಕೆ ಒಂದು ಕಡೆ ಬೀಳ್ತಾನೇ ಇತ್ತು. ತಮ್ಮನಿಗೆ ಕಾಯಿಲೆ ಕೊಟ್ಟವಳು ತಾನೇನಾ ಅಂತ ಕೇಳಿದರೆ ನಾನು ಏನು ಹೇಳಲಿ? ಅವನಿಗಿರುವ ಫ್ಯಾಬ್ರಿ ಅನ್ನೋ ಅಪರೂಪದ ಕಾಯಿಲೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಮಗನಿಗೆ ಆ ಎಕ್ಸ್ ಬರೋದು ಅಮ್ಮನಿಂದಲೇ. ಅಪ್ಪನಿಂದ ಮಗನಿಗೆ ಬರುವುದಿಲ್ಲ. ಡಾಕ್ಟರು ತಮ್ಮನಿಗೆ ಚಿತ್ರ ಬರೆದು ತೋರಿಸಿದ್ದನ್ನ ಇವಳು ಹಿಂದೆ ನಿಂತು ನೋಡಿದ್ದಾಳೆ.

ಶಾಲೆಯಲ್ಲಿದ್ದಾಗ ತಮ್ಮ ಏಪ್ರಿಲ್ ಬಂದರೆ ಅಂಗಾಲು ಉರೀತದೆ ಅಂತ ಅಳುತ್ತಿದ್ದ. ಮೈ ಬೆವರುತ್ತಲೇ ಇರಲಿಲ್ಲ. ಆಟ ತಪ್ಪಿಸೋಕೆ ನಾಟಕ ಅಂತ ಎಲ್ಲರೂ ಅಂದರು. ಆಲ್ಫಾ ಗ್ಯಾಲಕ್ಟೊಸಿಡೇಸ್ ಅನ್ನೋ ಕಿಣ್ವ ಅವನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಕರಗಿಸಬೇಕಿದ್ದ ಕೊಬ್ಬು ಅಷ್ಟು ವರ್ಷ ನರದಲ್ಲಿ, ಕಿಡ್ನಿಯಲ್ಲಿ, ಹೃದಯದಲ್ಲಿ ಸುಮ್ನೆ ಕೂರ್ತಾ ಬಂತು. ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ಹೃದಯದ ಎಡಗೋಡೆಯೂ ದಪ್ಪವಾಗಿತ್ತು. ಸತ್ತ ಕಿಡ್ನಿಯ ಭಾಗ, ಹೃದಯದ ಕಲೆ ಔಷಧಿಯಿಂದ ವಾಪಸ್ ಬರುವುದಿಲ್ಲವಂತೆ.

ಔಷಧಿ ಅಂದರೆ ಎರಡು ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಕಿಣ್ವ, ಜೀವನಪೂರ್ತಿ. 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಇದರ ಹೆಸರಿದೆ, 50 ಲಕ್ಷದವರೆಗೆ ನೆರವೂ ಇದೆ. ದೊಡ್ಡ ದುಡ್ಡೇ. ಜೀವನಪೂರ್ತಿ ಅನ್ನೋದು ಅದಕ್ಕಿಂತ ದೊಡ್ಡದು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ಕೂಗಾಯಿತು! ಈಗಲೂ ನಮಗೆ ಹುಬ್ಬಳ್ಳಿ, ಇಲ್ಲಾ ದೇವಿಮನೆ ಘಟ್ಟ ಇಳಿದು ಮಣಿಪಾಲ.

ಇವತ್ತು ಮಧ್ಯಾಹ್ನ ತಮ್ಮ ಉಪ್ಪಿಲ್ಲದ ಅಪ್ಪೆಹುಳಿ ಕುಡಿದು "ಇದು ಬರೀ ಹುಳಿ" ಅಂದ. ಪೊಟ್ಯಾಸಿಯಂ ಜಾಸ್ತಿ, ಅವನ ಕಿಡ್ನಿಗೆ ಆಗದು ಅಂತ ಎಳನೀರೂ ಬಂದ್. ಮನೆ ಸುತ್ತ ತೆಂಗಿನ ಮರ! ಇಬ್ಬರೂ ನಕ್ಕೆವು.

ಆಯಿ ನಗಲಿಲ್ಲ. ತೋಟದ ದರೆ ಹತ್ತುವಾಗ ಮಧ್ಯ ನಿಲ್ಲುತ್ತಾಳೆ. ರಾತ್ರಿ ಎದೆ ಹೊಡ್ಕೊಳ್ತದೆ ಅಂತಾಳೆ, ಗ್ಯಾಸಿನ ಮಾತ್ರೆ ನುಂಗುತ್ತಾಳೆ. ಹೆಂಗಸರು ಈ ಜೀನನ್ನು ಬರೀ ದಾಟಿಸುವವರು ಅಂತ ಮೊದಲು ತಿಳಿದಿದ್ದರಂತೆ. ಹಾಗೇನಿಲ್ಲ. ತಡವಾಗಿ ಬರಬಹುದು, ಆದರೆ ಅವರ ಹೃದಯವೂ ದಪ್ಪವಾಗಬಹುದು, ಬಡಿತ ತಪ್ಪಬಹುದು, ಪಾರ್ಶ್ವವಾಯುವೂ ಆಗಬಹುದು. ಕಿಣ್ವದ ಟೆಸ್ಟ್ ಹೆಂಗಸರಲ್ಲಿ ಸರಿಯಾಗೇ ಬಂದುಬಿಡಬಹುದು, ಜೀನೇ ನೋಡಬೇಕು.

ನೀನೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿಕೋ ಅಂದರೆ "ಎಂಗೆಂತೂ ಆಜಿಲ್ಲೆ" ಅಂದಳು. ಆಗದೇ ಇರಲಿ ಅಂತಲೇ ನಾನೂ ಬೇಡಿಕೊಳ್ಳೋದು. ಆದರೆ ಅವಳ ಹೆದರಿಕೆ ಕಾಯಿಲೆಗಲ್ಲ. ಮಗನಿಗೆ ಕೊಟ್ಟವಳು ನೀನೇ ಅಂತ ಕಾಗದದ ಮೇಲೆ ಬರ್ತದಲ್ಲ, ಅದಕ್ಕೆ.

ಜೀನ್ ಟೆಸ್ಟ್ ಆಮೇಲೆ ನೋಡೋಣ. ಮೊದಲು ಎಕೋ, ಇಸಿಜಿ, ಮೂತ್ರ ಸಾಕು. (ನನ್ನದೂ ಆಗಬೇಕು. ಅರ್ಧಕ್ಕರ್ಧ ಸಾಧ್ಯತೆ. ಆ ವಿಷಯ ಇವತ್ತು ಬೇಡ.) ತಮ್ಮನ ಮುಂದಿನ ಚೆಕಪ್ಪಿಗೆ ಜೊತೆಗೊಬ್ಬರು ಬೇಕು ಅಂದರೆ ಖಂಡಿತ ಬರ್ತಾಳೆ. ಅಲ್ಲಿ ಹೋದ ಮೇಲೆ ಹೇಗೋ ಎಕೋ ರೂಮಿನ ಬಾಗಿಲ ತನಕ ಕರ್ಕೊಂಡು ಹೋಗಬಹುದು. ಒಳಗೆ ಹೆಂಗಸರೇ ಇರ್ತಾರಾ ಅಂತ ಮೊದಲು ಫೋನ್ ಮಾಡಿ ಕೇಳಬೇಕು, ಇಲ್ಲದಿದ್ದರೆ ರವಿಕೆ ಬಿಚ್ಚಿ ಅಂದ ತಕ್ಷಣ ಆಯಿ ಎದ್ದು ಬಸ್ ಸ್ಟ್ಯಾಂಡಿಗೇ ಹೊರಟುಬಿಡ್ತಾಳೆ.