ಜಾಯ್‌ಸ್ಟಿಕ್ ದಿನಚರಿ: ನಡುಕ ತಗ್ಗಿತು, ಟ್ರಿಮ್ ಕಾಟ ಉಳಿಯಿತು

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್‌ಗಿಯರ್ ಎಂಬ ತಂತ್ರಾಂಶಕ್ಕೆ ನಾನು ಬಳಸುವ ಜಾಯ್‌ಸ್ಟಿಕ್ಕಿನ ರಿಪೇರಿಯ ಕತೆ ಇದು. ಈ ಸಲದ ಕೆಲಸ ಹೆಚ್ಚಾಗಿ ತಿರುಚುವ ಅಕ್ಷದ್ದು. ಹಿಡಿಕೆಯನ್ನು ತಿರುಚಿದರೆ ರಡರ್, ಅಂದರೆ ಮೂಗನ್ನು ಎಡಬಲಕ್ಕೆ ಹೊರಳಿಸುವ ಬಾಲದ ಹಲಗೆ, ತಿರುಗಬೇಕು. ನನ್ನದರಲ್ಲಿ ಕೈ ತೆಗೆದರೂ ತಿರುಗುತ್ತಿತ್ತು. ರನ್‌ವೇಯಲ್ಲಿ ಓಡುವಾಗ ಸೆಸ್ನಾ 172 ಎಂಬ ಸಣ್ಣ ವಿಮಾನದ ಮೂಗು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವುದು. ಪ್ರೊಪೆಲರ್‌ನ ದೆಸೆಯಿಂದ ಎಡಕ್ಕೆ ಎಳೆಯುವುದು ವಿಮಾನದ ಸಹಜ ಗುಣ. ಬಲಕ್ಕೂ ಎಳೆಯುವುದು ಮಾತ್ರ ಈ ಜಾಯ್‌ಸ್ಟಿಕ್ಕಿನ ಸ್ವಂತ ಪ್ರತಿಭೆ.

ಬಿಚ್ಚಿ ನೋಡಿದೆ. ಒಳಗಿರುವುದು ಪೊಟೆನ್ಶಿಯೊಮೀಟರ್: ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತ ಓಡಾಡುವ ಲೋಹದ ಸಣ್ಣ ನಾಲಿಗೆ. ಅದು ಸದಾ ನಡುವಿನ ಆಸುಪಾಸಿನಲ್ಲೇ ಅಲುಗಾಡುವುದರಿಂದ ಪಟ್ಟಿ ಸವೆಯುವುದೂ ಅಲ್ಲೇ, ಕೊಳೆ ಕೂಡುವುದೂ ಅಲ್ಲೇ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಈ ತುದಿಯಿಂದ ಆ ತುದಿಗೆ ತಿರುಚಿದೆ. ನಡುಕ ತಗ್ಗಿತು, ಹೋಗಲಿಲ್ಲ. ಸವೆದದ್ದು ತೊಳೆದರೆ ಬೆಳೆಯುತ್ತದೆಯೇ? ಹಾಲ್ ಸೆನ್ಸರ್ ಆಗಿದ್ದರೆ ಆಯಸ್ಕಾಂತದ ಕೆಲಸ, ಉಜ್ಜಾಟವೇ ಇರುತ್ತಿರಲಿಲ್ಲ.

ಉಳಿದ ನಡುಕಕ್ಕೆ ಫ್ಲೈಟ್‌ಗಿಯರ್‌ನಲ್ಲಿ ಜಾಯ್‌ಸ್ಟಿಕ್ಕಿನ ಹೊಂದಾಣಿಕೆ ಬರೆದಿಡುವ ಎಕ್ಸ್‌ಎಂಎಲ್ ಕಡತವೇ ಮದ್ದು. ರಡರ್ ಅಕ್ಷದ ಡೆಡ್‌ಬ್ಯಾಂಡನ್ನು 0.08ಕ್ಕೆ ಏರಿಸಿದೆ. ಸೊನ್ನೆಯಿಂದ ಎರಡೂ ಕಡೆಗೆ ಅಷ್ಟು ದೂರದ ಅಲುಗಾಟ ಇನ್ನು ಲೆಕ್ಕಕ್ಕಿಲ್ಲ. ಮೂಗನ್ನು ಏರಿಳಿಸುವ ಎಲಿವೇಟರ್‌ಗೆ ಇದೇ ಔಷಧ ಕೊಡಲು ಮನಸ್ಸಾಗಲಿಲ್ಲ: ನೆಲ ಮುಟ್ಟುವ ಮುನ್ನ ಮೂಗನ್ನು ಕೂದಲೆಳೆಯಷ್ಟು ಎತ್ತಬೇಕಾದಾಗ ಕೈಗೆ ಏನೂ ಸಿಗದ ಜಾಗವಿದ್ದರೆ ಇಳಿಯುವುದಲ್ಲ, ಬೀಳುವುದು. ಹಾಗಾಗಿ ಎಲಿವೇಟರ್‌ಗೆ ಪವರ್ (ಗಣಿತದ ಘಾತ) ಮೌಲ್ಯವನ್ನು 2 ಮಾಡಿದೆ. ಹಿಡಿಕೆಯನ್ನು ಅರ್ಧ ಎಳೆದರೆ ಎಲಿವೇಟರ್‌ಗೆ ತಲುಪುವುದು ಕಾಲು ಭಾಗ. ಗಿಡ್ಡ ಹಿಡಿಕೆಗೆ ಸ್ವಲ್ಪ ನಯ ಬಂತು. ತುದಿಯ ಹತ್ತಿರ ಮಾತ್ರ ಥಟ್ಟನೆ ಚುರುಕಾಗುತ್ತದೆ, ಸ್ಟಾಲ್ (ಮೂಗು ಅತಿಯಾಗಿ ಎತ್ತಿ ರೆಕ್ಕೆಯ ಎತ್ತುವ ಬಲ ಕುಸಿಯುವುದು) ಅಭ್ಯಾಸದಲ್ಲಿ ಎಚ್ಚರ ಬೇಕು.

ಯಾವ ಕಡತಕ್ಕೂ ಬಗ್ಗದ್ದು ಟ್ರಿಮ್, ಅಂದರೆ ಹಿಡಿಕೆಯ ಮೇಲಿನ ಒತ್ತಡ ಇಳಿಸುವ ಹೊಂದಾಣಿಕೆ. ನಿಜವಾದ ಸೆಸ್ನಾದಲ್ಲಿ ಯೋಕನ್ನು (ಪೈಲಟ್ ಹಿಡಿಯುವ ಚುಕ್ಕಾಣಿ) ಬೇಕಾದಲ್ಲಿ ಹಿಡಿದುಕೊಂಡು ಟ್ರಿಮ್ ಚಕ್ರ ತಿರುಗಿಸಿದರೆ ಕೈಮೇಲಿನ ಒತ್ತಡ ಕರಗುತ್ತದೆ, ಯೋಕ್ ಇದ್ದಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಹಾಕಿದ ಜಾಯ್‌ಸ್ಟಿಕ್ಕಿಗೆ ನಿಲ್ಲಲು ಗೊತ್ತಿರುವುದು ನಡುವೆ ಮಾತ್ರ. ಒಂದು ಕಡೆ ಟ್ರಿಮ್ ಏರಿಸುತ್ತ, ಅದೇ ಗತಿಯಲ್ಲಿ ಹಿಡಿಕೆಯನ್ನು ಸಡಿಲಿಸುತ್ತ ಬರಬೇಕು. ಗತಿ ತಪ್ಪಿದರೆ ಮೂಗು ಏಳುತ್ತದೆ, ಇಲ್ಲವೇ ಮುಗ್ಗರಿಸುತ್ತದೆ. ಈಗ ಟ್ರಿಮ್ಮನ್ನು ಹೆಬ್ಬೆರಳಿನ ಗುಂಡಿಗಳಿಗೆ ಒಪ್ಪಿಸಿ, ಒಂದೊಂದು ಒತ್ತಿಗೆ ಸರಿಯುವ ಹೆಜ್ಜೆಯನ್ನು ಕಿರಿದು ಮಾಡಿದ್ದೇನೆ. ಒಂದು ಒತ್ತು, ತುಸು ಸಡಿಲ, ಕಣ್ಣು ದಿಗಂತದ ಮೇಲೆ. ಏರಿಕೆ ಮುಗಿಸಿ ಸಮತಟ್ಟಾಗುವಾಗ ಎತ್ತರ ಈಗ 100 ಅಡಿಯೊಳಗೇ ಓಲಾಡುತ್ತದೆ.

ಮುಂದಿನ ಸರದಿ ಥ್ರಾಟಲ್‌ನದು. ಕೊನೆಯವರೆಗೆ ತಳ್ಳಿದರೂ ಅದು ಪೂರ್ಣ ಶಕ್ತಿ ಕೊಡುತ್ತಿಲ್ಲ.