ಒದ್ದೆ ಬೆರಳು, ಎರಡು ಸೆಲ್ಲು

ಪಿಲಿಕುಳದ ವಿಜ್ಞಾನ ಕೇಂದ್ರ ನೋಡಿ ಬಂದ ಮೇಲೆ ಅಕ್ಕನ ಮಕ್ಕಳಿಗೆ ಮನೆಯಲ್ಲೂ ಅಂಥದ್ದೇ ಬೇಕಂತೆ. ನಿನ್ನೆ ಮಂಗಳೂರಲ್ಲಿ ಮಳೆಗೆ ಶಾಲೆಗೆ ರಜೆ ಬೇರೆ. ಪ್ಲೈವುಡ್ ತುಂಡಿಗೆ ಸ್ವಿಚ್ಚು, ಟಾರ್ಚಿನ ಬಲ್ಬು, 1.5 ವೋಲ್ಟಿನ ಎರಡು ಸೆಲ್ ಜೋಡಿಸಿ, ವಯರಿನ ನಡುವೆ ಬೇಕೆಂದೇ ಸ್ವಲ್ಪ ಜಾಗ ಬಿಟ್ಟೆ. ಅಲ್ಲಿ ಬೀಗದಕೈ ಇಟ್ಟರೆ ಬಲ್ಬು ಉರಿಯುತ್ತದೆ, ಗೆರಟೆ ಸೌಟು ಇಟ್ಟರೆ ಇಲ್ಲ.

ಚಿಕ್ಕವಳು ಒದ್ದೆ ಬೆರಳಿಟ್ಟಳು. ಉರಿಯಲಿಲ್ಲ. "ಚಿಕ್ಕಮ್ಮಾ, ನನಗೆ ಶಾಕ್ ಹೊಡೆಯುದೇ ಇಲ್ಲ!" ಅಂತ ಕುಣಿದಳು ಮಾರಾಯ್ರೆ!

ಇಂಥ ಆಟದಲ್ಲಿ ನನಗೆ ಹೆದರಿಕೆ ಈ ಧೈರ್ಯದ್ದೇ. ಬಲ್ಬು ಉರಿಯದಿದ್ದರೆ ಕರೆಂಟು ಹರಿಯಲೇ ಇಲ್ಲ ಅಂತಲ್ಲ. ಮನೆಯ ಆರ್‌ಸಿಸಿಬಿ (ಶಾಕ್‌ನಿಂದ ಕಾಪಾಡಲು ತಾನೇ ಕರೆಂಟು ಕಡಿಯುವ ಸ್ವಿಚ್ಚು) 30 ಮಿಲಿಆಂಪಿಯರ್ ಸೋರಿದರೇ ಟ್ರಿಪ್ ಆಗಬೇಕು; ಟಾರ್ಚಿನ ಬಲ್ಬಿಗೆ ಅದರ ಹಲವು ಪಟ್ಟು ಬೇಕು. ಅದೇ ಬೆರಳು ಗೋಡೆಯ 230 ವೋಲ್ಟಿಗೆ ತಾಗಿದರೆ ಕಥೆಯೇ ಬೇರೆ. ಹಾಗಾಗಿ ಈಗ ನಿಯಮ: ಸೆಲ್ ಕಣ್ಣಿಗೆ ಕಂಡರೆ ಮಾತ್ರ ಮುಟ್ಟಬಹುದು, ಗೋಡೆಯದ್ದು ಮುಟ್ಟುವ ಹಾಗೇ ಇಲ್ಲ.

ದೊಡ್ಡವನ ಕೈಗೆ ವಯರಿಲ್ಲದ ತ್ರೀ ಪಿನ್ ಪ್ಲಗ್ ಕೊಟ್ಟು, ಒಂದು ಪಿನ್ ಯಾಕೆ ಉದ್ದ ಅಂತ ಕೇಳಿದೆ.

"ಅದು ಅಪ್ಪ."

ಅರ್ಥಿಂಗ್ ಮೊದಲು ತಾಗಬೇಕು, ಕೊನೆಗೆ ಬಿಡಬೇಕು, ಅದಕ್ಕೇ ಉದ್ದ ಅಂತ ವಿವರಿಸಿದೆ. "ಅಪ್ಪನೂ ಹಾಗೇ" ಅಂದ.