ಶಾರ್ತ್ರ್ ಕೆಥೆಡ್ರಲ್: ಒಳಗೆ ಹೋಗುವ ಮುನ್ನ ಬಾಗಿಲುಗಳನ್ನು ನೋಡಿ

ಪ್ಯಾರಿಸ್‌ನ ಮೊಂಪರ್ನಾಸ್ ನಿಲ್ದಾಣದಿಂದ ಶಾರ್ತ್ರ್‌ಗೆ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು. ಇಳಿದ ಮೇಲೆ ದಾರಿ ಕೇಳಬೇಕಿಲ್ಲ. ಒಂದಕ್ಕೊಂದು ಹೊಂದದ ಆ ಎರಡು ಗೋಪುರಗಳತ್ತ ನಡೆದರಾಯಿತು. ಬಂದವರಲ್ಲಿ ಹೆಚ್ಚಿನವರು ನೇರ ಒಳಗೆ ನುಗ್ಗಿ ಬಣ್ಣದ ಗಾಜಿಗೆ ಮರುಳಾಗುತ್ತಾರೆ. ನೀವು ಮೊದಲು ಹೊರಗೆ ಒಂದು ಸುತ್ತು ಹಾಕಿ. ಮಧ್ಯಯುಗದ ಶಿಲ್ಪದ ತಿರುಳೆಲ್ಲ ಬಾಗಿಲುಗಳಲ್ಲಿದೆ, ಅದಕ್ಕೆ ಟಿಕೆಟ್ಟೂ ಬೇಡ.

ಬೆಳಗ್ಗೆ ಉತ್ತರ ದ್ವಾರದಿಂದ ಆರಂಭಿಸಿ. ಇಲ್ಲಿರುವವರು ಹಳೆಯ ಒಡಂಬಡಿಕೆಯ, ಅಂದರೆ ಬೈಬಲಿನ ಕ್ರಿಸ್ತಪೂರ್ವ ಭಾಗದ, ಹಿರಿಯರು. ಆಯುಧ, ವಾಹನ ನೋಡಿ ದೇವರನ್ನು ಗುರುತಿಸುವ ನಮಗೆ ಈ ಭಾಷೆ ಬೇಗ ಹಿಡಿಯುತ್ತದೆ: ಮುಖ ಬಿಟ್ಟು ಕೈ ಮತ್ತು ಕಾಲಡಿ ನೋಡಬೇಕು. ಮಗ ಇಸಾಕನನ್ನು ಹಿಡಿದು ನಿಂತ ಅಬ್ರಹಾಮನ ಕಾಲಡಿಯಲ್ಲಿ ಟಗರು ಇದೆ. ಮಗನನ್ನೇ ಬಲಿ ಕೊಡು ಎಂದು ದೇವರು ಅಬ್ರಹಾಮನನ್ನು ಪರೀಕ್ಷಿಸಿದ ಕಥೆ ಇದು; ಕೊನೆಗೆ ಬಲಿಯಾಗುವುದು ಟಗರೇ, ಮಗುವಲ್ಲ. ದಕ್ಷಿಣ ದ್ವಾರದಲ್ಲಿ ಕ್ರಿಸ್ತನ ಸಂದೇಶ ಸಾರಿದ ಅಪೊಸ್ತಲರು: ಪೇತ್ರನಿಗೆ ಬೀಗದ ಕೈ, ಪೌಲನಿಗೆ ಕತ್ತಿ. ಅಲ್ಲಿನ ಅಂತಿಮ ತೀರ್ಪಿನ ದೃಶ್ಯ ದೊಡ್ಡದು, ನನಗೆ ಅಷ್ಟೇನೂ ಹಿಡಿಸಲಿಲ್ಲ.

ಪಶ್ಚಿಮದ ರಾಜದ್ವಾರವನ್ನು ಮಧ್ಯಾಹ್ನದ ನಂತರಕ್ಕೆ ಇಟ್ಟುಕೊಳ್ಳಿ, ಬಿಸಿಲು ಅಲ್ಲಿಗೆ ಬರುವುದೇ ಆಗ. 1145ರ ಸುಮಾರಿಗೆ ಕೆತ್ತಲು ತೊಡಗಿದ ಇದು 1194ರ ಬೆಂಕಿಯಲ್ಲೂ ಉಳಿಯಿತು. ನಡುವಿನ ಬಾಗಿಲ ಮೇಲೆ ಬಾದಾಮಿ ಆಕಾರದ ಪ್ರಭಾವಳಿಯಲ್ಲಿ ಕ್ರಿಸ್ತ. ಸುತ್ತ ನಾಲ್ವರು ಸುವಾರ್ತಾಕಾರರ, ಅಂದರೆ ಕ್ರಿಸ್ತನ ಕಥೆ ಬರೆದವರ, ಗುರುತುಗಳು: ಮತ್ತಾಯನಿಗೆ ದೇವದೂತ, ಮಾರ್ಕನಿಗೆ ಸಿಂಹ, ಲೂಕನಿಗೆ ಎತ್ತು, ಯೋಹಾನನಿಗೆ ಹದ್ದು. ಸಿಂಹಕ್ಕೂ ಎತ್ತಿಗೂ ರೆಕ್ಕೆಗಳಿವೆ. ಕೆಳಗೆ ಕಂಬಗಳಂತೆಯೇ ಉದ್ದುದ್ದ ನಿಂತ ರಾಜರು, ರಾಣಿಯರು. ಇಲ್ಲಿ ಆತುರ ಪಡಬೇಡಿ.

ಎಡ ಬಾಗಿಲ ಕಮಾನಿನಲ್ಲಿ ರಾಶಿಗಳೂ ಆಯಾ ತಿಂಗಳ ಕೆಲಸಗಳೂ ಇವೆ. ಚಳಿಗಾಲದವನು ಬೆಂಕಿ ಕಾಯಿಸಿಕೊಳ್ಳುತ್ತಾನೆ, ಬೇಸಿಗೆಯವನು ಪೈರು ಕೊಯ್ಯುತ್ತಾನೆ. ರೈತನ ವರ್ಷವೂ ದೇವರ ಕಾಲದೊಳಗಿನದೇ ಎಂಬ ಅರ್ಥ. ಎಣಿಸಿದರೆ ಹತ್ತೇ ರಾಶಿ! ಮೀನ, ಮಿಥುನಗಳು ಬಲ ಬಾಗಿಲಿಗೆ ವಲಸೆ ಹೋಗಿವೆ, ಹುಡುಕಿ. ಅದೇ ಬಾಗಿಲಲ್ಲಿ ಕ್ರಿಸ್ತನ ತಾಯಿ ಮರಿಯಳ ಸುತ್ತ ಮಧ್ಯಯುಗದ ಏಳು ವಿದ್ಯೆಗಳು ಹೆಂಗಸರ ರೂಪದಲ್ಲಿವೆ. ವ್ಯಾಕರಣ ಎಂಬಾಕೆ ಬೆತ್ತ ಹಿಡಿದು ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದಾಳೆ.

ಕಮಾನಿನ ಶಿಲ್ಪಗಳು ಚಿಕ್ಕವು, ಎತ್ತರದಲ್ಲಿವೆ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಅಂಗಳದಲ್ಲಿ ಗಾಳಿ ಜೋರು, ಸ್ವೆಟರ್ ಇರಲಿ. ಒಳಗಿನ ನೆಲದ ಮೇಲಿರುವ ಪ್ರಸಿದ್ಧ ಸುತ್ತುಹಾದಿ (ಲ್ಯಾಬಿರಿಂತ್) ಸಾಮಾನ್ಯವಾಗಿ ಕುರ್ಚಿಗಳಡಿ ಮುಚ್ಚಿರುತ್ತದೆ. ಅದರ ಮೇಲೆ ನಡೆಯುವ ಆಸೆಯಿದ್ದರೆ ವಸಂತದಿಂದ ಶರತ್ಕಾಲದವರೆಗಿನ ಶುಕ್ರವಾರವೊಂದನ್ನು ಆರಿಸಿಕೊಳ್ಳಿ. ಹೊರಡುವ ಮುನ್ನ ವೇಳೆ ವಿಚಾರಿಸಿ.